ಕೈಪಿಡಿ ಹೇಳದೆ ಬಿಟ್ಟ ನಲವತ್ತೊಂದು ಮಂದಿ

ಮಾಲಿನಿ ಹುಟ್ಟಿದ್ದು ೧೯೯೬ನೆಯ ಇಸವಿ ಆಗಸ್ಟ್ ೧೨ರಂದು, ಸೋಮವಾರ, ಗುಬ್ಬಿಯಲ್ಲಿ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದಿ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಐದು ವರ್ಷ ದುಡಿದು, ೨೦೨೪ರ ಏಪ್ರಿಲ್ ೧ರಂದು ರಾಜೀನಾಮೆ ಕೊಟ್ಟಳು. ತಾರೀಖು ನೋಡಿ, ಇದು ತಮಾಷೆಯೆಂದು ಮೇಲಧಿಕಾರಿ ಎರಡು ದಿನ ಸುಮ್ಮನಿದ್ದನಂತೆ. ಮರುತಿಂಗಳಿನಿಂದ, ನಿವೃತ್ತ ಮೇಷ್ಟ್ರಾದ ನಾನು ಬಾಡಿಗೆಗೆ ಕೊಟ್ಟ ಕ್ಯಾತ್ಸಂದ್ರದ ನಮ್ಮ ಮನೆಯ ಮಹಡಿ ಕೋಣೆಯೇ ಅವಳ ಕಚೇರಿ.

ಆ ಕೋಣೆಯ ಸದ್ದಿನಿಂದಲೇ ಅವಳ ಕೆಲಸ ಎಲ್ಲಿಗೆ ಬಂದಿದೆಯೆಂದು ನಾನು ಹೇಳಬಲ್ಲೆ. ಹಾಡು ಗುನುಗಿದರೆ ಪ್ರೋಗ್ರಾಂ ಓಡುತ್ತಿದೆ. ಕುರ್ಚಿ ಕಿರುಗುಟ್ಟಿದರೆ ಯಾವುದೋ ಟೂಲ್‌ನ ಕೈಪಿಡಿಯನ್ನು ಓದುತ್ತಿದ್ದಾಳೆ. ಮೆಟ್ಟಿಲ ಮೇಲೆ ದಡದಡ ಸದ್ದಾದರೆ ಓದಿ ಮುಗಿಸಿದ್ದಾಳೆ, ಏನೂ ಸಿಕ್ಕಿಲ್ಲ.

ಕಳೆದ ವರ್ಷ ಗುಬ್ಬಿಯ ತೆಂಗು ಬೆಳೆಗಾರರ ಸಂಘವೊಂದು ಅವಳಿಗೆ ಕೆಲಸ ಒಪ್ಪಿಸಿತು. ಸಂಘವು ವರ್ಷಕ್ಕೊಮ್ಮೆ ಸದಸ್ಯರಿಗೆ ತೆಂಗಿನ ಸಸಿ ಹಂಚುತ್ತದೆ. ಹಿಂದಿನ ಸಂಜೆಯೇ ಬಂದು, ಸಾಲಿನಲ್ಲಿ ತಮ್ಮ ಬದಲಿಗೆ ಚಪ್ಪಲಿ ಬಿಟ್ಟು ಹೋಗುವುದು ಅಲ್ಲಿನ ರೂಢಿ. ೨೦೨೪ರ ಜುಲೈ ೮ರಂದು ನಾಯಿಯೊಂದು ಮೂರು ಚಪ್ಪಲಿಗಳನ್ನು ಕಚ್ಚಿಕೊಂಡು ಓಡಿತು. ಆ ಮೂವರ ಸರದಿ ಯಾವುದೆಂಬ ಜಗಳ ಮಧ್ಯಾಹ್ನದವರೆಗೂ ನಡೆಯಿತು. ಇನ್ನು ಮುಂದೆ ಪ್ರತಿಯೊಬ್ಬ ರೈತನೂ ಫೋನಿನಲ್ಲೇ ಹೆಸರು ನೋಂದಾಯಿಸಿ, ತನಗೊಪ್ಪುವ ಅರ್ಧ ಗಂಟೆಯನ್ನು ಆರಿಸಿಕೊಳ್ಳಲಿ ಎಂದು ಮಾಲಿನಿ ಸಭೆಯಲ್ಲಿ ವಾದಿಸಿ ಗೆದ್ದಳು.

ಸಂಘದ ಕಾರ್ಯದರ್ಶಿ ರುದ್ರಯ್ಯನವರು ಒಂದು ಮಾತು ಸೇರಿಸಿದರು: "ನೋಡವ್ವ, ಕುಣಿಗಲ್‌ನೋರೂ ಕಾಯ್ತಾವ್ರೆ. ಇಲ್ಲಿ ನಡುದ್ರೆ ಅವ್ರೂ ನಿಂಗೇ ಕೊಡ್ತಾರೆ. ಇಲ್ಲಿ ಕೆಟ್ರೆ ನಿನ್ನೂ ಬುಟ್ವಿ, ಫೋನೂ ಬುಟ್ವಿ, ಚಪ್ಲಿ ಸಾಲೇ ಗಟ್ಟಿ."

ಹಂಚಿಕೆಯ ದಿನ ೨೦೨೫ರ ಜೂನ್ ೧೬, ಸೋಮವಾರವೆಂದು ನಿಗದಿಯಾಯಿತು. ಜೂನ್ ೧೦ರ ಮಂಗಳವಾರ ಮಾಲಿನಿ ಪಟ್ಟಿ ತೆಗೆದು ನೋಡಿದಳು. ಸಂಘದ ಇನ್ನೂರ ಹನ್ನೆರಡು ಸದಸ್ಯರೂ ಅರ್ಜಿ ಹಾಕಿದ್ದರು. ಪಟ್ಟಿಯಲ್ಲಿದ್ದವರು ನೂರ ಎಪ್ಪತ್ತೊಂದು. ನಲವತ್ತೊಂದು ಮಂದಿ ಕಾಣೆಯಾಗಿದ್ದರು.

ನೋಂದಣಿಯ ಭಾಗಕ್ಕೆ ಅವಳು ಯಾರೋ ಸಿದ್ಧಪಡಿಸಿಟ್ಟಿದ್ದ ಟೂಲ್ ಒಂದನ್ನು ಬಳಸಿದ್ದಳು. ತಪ್ಪು ಅದರದೇ ಎಂದು ಕೈಪಿಡಿ ತೆರೆದಳು. ಕೈಪಿಡಿ ಹಳೆಯ ಆವೃತ್ತಿಯದು. ಹೊಸದಕ್ಕೆ ಇಲ್ಲಿ ಒತ್ತಿ ಎಂದಿದ್ದ ಕಡೆ ಒತ್ತಿದರೆ, ವಿವರಗಳಿಗೆ ಹಳೆಯ ಪುಟವನ್ನೇ ನೋಡಿ ಎಂದಿತ್ತು. ಇದೇ ತೊಂದರೆಯನ್ನು ೨೦೧೯ರಲ್ಲಿ ಯಾರೋ ಒಬ್ಬ ಮಹಾಶಯ ಅಂತರ್ಜಾಲದಲ್ಲಿ ಕೇಳಿದ್ದ. ಮರುದಿನ ತಾನೇ "ಸರಿಹೋಯಿತು, ಧನ್ಯವಾದ" ಎಂದು ಬರೆದು, ಹೇಗೆ ಸರಿಹೋಯಿತೆಂದು ತಿಳಿಸದೆ ಕಣ್ಮರೆಯಾಗಿದ್ದ.

ಗುರುವಾರ ಮೆಟ್ಟಿಲು ದಡದಡವೆಂದಿತು.

"ಮೇಷ್ಟ್ರೇ, ಈ ಕೈಪಿಡಿ ಬರ್ದೋನು ನಿಮ್ ಕ್ಲಾಸಲ್ಲಿ ಇದ್ದಿದ್ರೆ ಏನ್ ಮಾಡ್ತಿದ್ರಿ?"

"ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ."

"ಅಷ್ಟೇನಾ? ಮೂರ್ ದಿನದಿಂದ ಬರೀ ಇನ್‌ಸ್ಟಾಲ್ ಮಾಡೋದು, ತೆಗಿಯೋದು. ಟೂಲ್‌ನ ಮೂರ್ ಆವೃತ್ತಿನೂ ಹಾಕ್ ನೋಡ್ದೆ, ಮೂರರಲ್ಲೂ ನಲವತ್ತೊಂದೇ ಜನ ಮಾಯ!"

"ಯಾರ್ಯಾರಮ್ಮ ಅವರು?"

"ಯಾರು?"

"ಗೈರುಹಾಜರಾದವರು. ಹೆಸರು ಹೇಳು."

ಮಾಲಿನಿ ರುದ್ರಯ್ಯನವರಿಗೆ ಫೋನ್ ಮಾಡಿದಳು. ಮೂರು ದಿನ ಟೂಲ್‌ನೊಡನೆ ಹೋರಾಡಿದವಳು ಆ ಹೆಸರುಗಳನ್ನು ಕೇಳಿಯೇ ಇರಲಿಲ್ಲ. ರುದ್ರಯ್ಯನವರು ಸದಸ್ಯರ ಪುಸ್ತಕದೊಡನೆ ತಾಳೆ ನೋಡಿ ಫೋನಿನಲ್ಲಿ ಓದಿ ಹೇಳಿದರು. ಎಲ್ಲರೂ ಬಿದರೆಹಳ್ಳಿ ಕಾವಲ್ ಕಡೆಯ ಒಂದೇ ಪಾಳ್ಯದವರು.

ಜೂನ್ ೧೩ರ ಶುಕ್ರವಾರ ಬೆಳಿಗ್ಗೆ ಅವಳು ರೈಲು ಹಿಡಿದು ಗುಬ್ಬಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಆ ಪಾಳ್ಯ ತಲುಪಿದಳು. ವಿಚಾರಿಸಿದವರೆಲ್ಲ ಹಿಟ್ಟಿನ ಗಿರಣಿಯ ಶಕುಂತಲಮ್ಮನ ಕಡೆಗೇ ಕೈ ತೋರಿಸಿದರು. ಶಕುಂತಲಮ್ಮ ರಾಗಿ ಹಿಟ್ಟಿನಲ್ಲಿ ಮಿಂದಂತೆ ನಿಂತಿದ್ದರು.

"ಅರ್ಜಿನಾ? ನಾನೇ ಹಾಕಿದ್ದು ಕಣವ್ವ. ಊರೋರ್ ಗ್ಯಾಸ್ ಬುಕ್ ಮಾಡೋಕೂ ನನ್ ಫೋನ್ ನಂಬ್ರೇ, ರೇಷನ್ ಕಾರ್ಡಿಗೂ ನನ್ ನಂಬ್ರೇ. ನಲವತ್ತೆರಡ್ ಜನದ್ದೂ ಕೂತ್ಕಂಡ್ ಹಾಕ್ದೆ. ಒಂದೊಂದ್ಸಲಾನೂ 'ಯಶಸ್ವಿ' ಅಂತ ಬಂತು."

ಮಾಲಿನಿಗೆ ಎಲ್ಲವೂ ಸ್ಪಷ್ಟವಾಯಿತು. ಒಂದು ನಂಬರು ಎಂದರೆ ಒಬ್ಬ ಮನುಷ್ಯ ಎಂಬುದು ಆ ಟೂಲ್‌ನ ನಂಬಿಕೆ. ಹೊಸ ಹೆಸರು ಬಂದಾಗಲೆಲ್ಲ ಹಿಂದಿನದನ್ನು ಸದ್ದಿಲ್ಲದೆ ಅಳಿಸುತ್ತ, ಕೊನೆಯ ಒಬ್ಬನನ್ನು ಮಾತ್ರ ಅದು ಉಳಿಸಿಕೊಂಡಿತ್ತು. ಅಲ್ಲಿಯೇ ಕಲ್ಲುಕಟ್ಟೆಯ ಮೇಲೆ ಕುಳಿತು ಹುಡುಕಿದಾಗ ಕೈಪಿಡಿಯಲ್ಲಿ ಈ ವಿಷಯವೂ ಸಿಕ್ಕಿತು: ಖಾತೆ ಮುಚ್ಚುವುದು ಹೇಗೆ ಎಂಬ ಪುಟದ ತಳದಲ್ಲಿ, ಒಂದು ವಾಕ್ಯ.

"ಆ ಮಿಷಿನ್ನು ನಿಮ್ಮನ್ನೇ ನಲವತ್ತೆರಡ್ ಸಲ ಸೇರಿಸ್ಕೊಂಡಿದೆ ಅಮ್ಮ."

"ಥೂ ಅದ್ರ! ನಂಗೆ ಒಂದ್ ಸಸಿ ಇಡಾಕೂ ಜಾಗ ಇಲ್ಲ."

"ಮೆಸೇಜ್ ಬಂದ್ರೆ ಯಾರ್ದು ಅಂತ ಹೆಂಗ್ ತಿಳ್ಕೊತೀರಿ? ನಾಲ್ಕ್ ಜನ ಶಿವರಾಮಯ್ಯ ಇದಾರಲ್ಲ?"

"ಬಾವಿ ಮನೆ ಶಿವರಾಮಯ್ಯ, ಮೇಲ್ಮನೆ ಶಿವರಾಮಯ್ಯ, ಹುಣ್ಸೆ ಮರದ್ ಮನೆ, ಹೊಸ್ಮನೆ. ಮನೆ ಹೇಳ್ದೆ ಬರೀ ಹೆಸರ್ ಹೇಳುದ್ರೆ ಯಾರಿಗ್ ಗೊತ್ತಾಯ್ತದೆ?"

ಮಾಲಿನಿ ಮನೆಗಳ ಹೆಸರನ್ನೆಲ್ಲ ಬರೆದುಕೊಂಡು ಬಂದಳು. ಶನಿವಾರ ಆ ಟೂಲನ್ನು ಕಿತ್ತೆಸೆದು, ನೋಂದಣಿಯ ಭಾಗವನ್ನು ಸ್ವಂತವಾಗಿ ಬರೆದಳು: ಫೋನ್ ನಂಬರಿನ ಕೆಳಗೆ ರೈತನ ಹೆಸರು, ಅದರ ಪಕ್ಕದಲ್ಲಿ ಮನೆಯ ಹೆಸರು. ಭಾನುವಾರ ಶಕುಂತಲಮ್ಮ ಗಿರಣಿಗೆ ರಜೆ ಘೋಷಿಸಿ, ನಲವತ್ತೊಂದು ಅರ್ಜಿಗಳನ್ನೂ ಮತ್ತೆ ಹಾಕಿದರು. ಪ್ರತಿ ಅರ್ಜಿಗೂ ಆ ಟೂಲ್ ಮಾಡಿದವನಿಗೆ ಒಂದೊಂದು ಬೈಗುಳವನ್ನು ಹೊಸದಾಗಿ ಹೊಸೆದರೆಂದು ಕೇಳಿದ್ದೇನೆ. ಅವು ಇಲ್ಲಿ ಬರೆಯತಕ್ಕವಲ್ಲ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಹಂಚಿಕೆ ಆರಂಭವಾಯಿತು. ನಂಬದ ಕೆಲವರು ಅಂದೂ ಚಪ್ಪಲಿ ಇಟ್ಟಿದ್ದರು. ಹತ್ತು ಗಂಟೆಯ ಹೊತ್ತಿಗೆ ಅವರೇ ನಾಚಿಕೊಂಡು ಮೆಟ್ಟಿಕೊಂಡರು. ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಇನ್ನೂರ ಹನ್ನೆರಡನೆಯವರಾದ ಮೇಲ್ಮನೆ ಶಿವರಾಮಯ್ಯನವರು ಸಸಿಗಳನ್ನು ಟಿವಿಎಸ್ ಗಾಡಿಗೆ ಕಟ್ಟಿಕೊಂಡು ಹೊರಟರು.

ರುದ್ರಯ್ಯನವರು ಅಲ್ಲಿಂದಲೇ ಕುಣಿಗಲ್‌ಗೆ ಫೋನ್ ಹಚ್ಚಿದರು. "ನಡೀತು ಕಣ್ರೀ! ಒಂದ್ ಜಗಳ ಇಲ್ಲ. ನಮ್ ಹುಡುಗೀನ ನಾಳಿಕ್ಕೇ ಕಳುಸ್ತೀನಿ, ಮಾತಾಡ್ಕಳಿ."

ಮಾಲಿನಿ ಬೆಂಚಿನ ಮೇಲೆ ಕುಳಿತು ಎರಡನೆಯ ತಟ್ಟೆ ಇಡ್ಲಿಗೆ ಚಟ್ನಿ ಹಾಕಿಸಿಕೊಳ್ಳುತ್ತಿದ್ದಳು. "ನಾಳೆ ಬೇಡ ಸಾರ್, ನಾಡಿದ್ದು ಅನ್ನಿ," ಎಂದಳು. "ನಾಳೆ ಪೂರ್ತಿ ನಿದ್ದೆ ಮಾಡ್ತೀನಿ."