ಚೀಲ ಇಲ್ಲದಾಕಿಯ ಗುಳಿಗಿ

ದೋರನಹಳ್ಳಿಗೆ ಕೆನಾಲ್ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಜೊತೆ ಮೊಣಕಾಲುದ್ದ ಕೆಸರೂ ಬಂತು. ಆ ಕೆಸರಿನಲ್ಲಿ ದಿನವಿಡೀ ಬಗ್ಗಿ ಸಸಿ ಹಚ್ಚುವ ಹೆಂಗಸರು ಬಿಳಿಸೆರಗು ಅಂತ ಹೋದರೆ ಶಹಾಪುರದ ಒಂದು ನರ್ಸಿಂಗ್ ಹೋಮಿನವರಿಗೆ ಗೊತ್ತಿದ್ದ ಮದ್ದು ಒಂದೇ, ಚೀಲ ತೆಗೆಯುವುದು. ಗರ್ಭಚೀಲ ಅಂತ ಪೂರ್ತಿ ಹೆಸರು ಹೇಳುವ ಪುರಸೊತ್ತೂ ಆ ಪುಣ್ಯಾತ್ಮರಿಗೆ ಇರಲಿಲ್ಲ. ಗೊಬ್ಬರದ ಚೀಲ, ಭತ್ತದ ಚೀಲ ಇದ್ದಂತೆ ಅದೂ ಒಂದು ಚೀಲ.

ಮರಿಲಿಂಗಮ್ಮನದನ್ನೂ ಹಾಗೇ ತೆಗೆದರು. ಗಂಡ ಸತ್ತಿದ್ದ. ಮೈದುನ ಅಂಬ್ರಪ್ಪ ಬೈಕಿನ ಮೇಲೆ ಕೂರಿಸಿಕೊಂಡು ಹೋದ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಅಂತ ಅಲ್ಲಿನವರು ಅಂದದ್ದಕ್ಕೆ ತಲೆ ಆಡಿಸಿ ಸಹಿ ಮಾಡಿದ. ಚೀಲದ ಜೊತೆ ಅಂಡಾಶಯಗಳನ್ನೂ ಕಿತ್ತಿದ್ದೇವೆ ಅಂತ ಅಲ್ಲಿ ಒಬ್ಬರೂ ಅವಳಿಗೆ ಹೇಳಲಿಲ್ಲ. ನಲವತ್ತೂ ತುಂಬದವಳಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ತಣ್ಣನೆಯ ನೀರಿನಲ್ಲಿ ನಿಂತಿದ್ದಾಗಲೂ ಬೆವರು ಸುರಿಯುವುದು, ಎದೆ ಢವಢವ ಅನ್ನುವುದು, ನಿದ್ದೆಯಿಲ್ಲದೆ ಸಸಿಯ ಕಟ್ಟು ಕೈಯಿಂದ ಜಾರುವುದು. 'ಉಷ್ಣ ಆಗ್ಯಾದ, ಮಜ್ಜಿಗಿ ಕುಡಿ' ಎಂದರು ಎಲ್ಲರೂ. ಕುಡಿದೂ ಕುಡಿದೂ ಕೊನೆಗೆ ಮಜ್ಜಿಗೆ ಅಂದರೇ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಕಡೆಗೆ ಯಾದಗಿರಿಯ ಲೇಡಿ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, ಒಳಗೆ ಏನೇನು ಉಳಿದಿಲ್ಲ ಅಂತ ಬಿಡಿಸಿ ಹೇಳಿದರು. 'ಮೈಯಾಗ ಬತ್ತಿ ಹೋಗಿದ್ದನ್ನ ಹೊರಗಿಂದ ಕೊಡಬೇಕಾಗ್ತದವ್ವ. ಇದು ಹಾರ್ಮೋನ್ ಗುಳಿಗಿ. ದಿನಾ ತಗೋ, ನಡುನಡುವ ಬಂದು ತೋರಿಸ್ಕೋ,' ಎಂದರು. ಕೆಲವು ವಾರಗಳಲ್ಲಿ ಮರಿಲಿಂಗಮ್ಮನಿಗೆ ನಿದ್ದೆ ಹತ್ತಿತು. ಗದ್ದೆಯಲ್ಲಿ ಮೊದಲಿನಂತೆ ಎಲ್ಲರಿಗಿಂತ ಮುಂಚೆ ಸಾಲು ಮುಗಿಸತೊಡಗಿದಳು.

ಇಷ್ಟು ಸುಖವೂ ಕಣ್ಣು ಕುಕ್ಕಿದ್ದು ಅಂಬ್ರಪ್ಪನ ಹೆಂಡತಿ ದೇವಕಮ್ಮನಿಗೆ. ಗೋಡೆಯ ಗೂಡಿನಲ್ಲಿ ಅವಳಿಗೆ ಗುಳಿಗೆಯ ಪಟ್ಟಿ ಸಿಕ್ಕಿತು. ಸಾಲಾಗಿ ಸಣ್ಣ ಸಣ್ಣ ಗುಳಿಗೆ, ಥೇಟ್ ಆಶಾ ಕಾರ್ಯಕರ್ತೆ ಹಂಚುವ ಮಾಲಾ ಗುಳಿಗೆಯಂತೆ. ಗಂಡ ಸತ್ತವಳ ಗೂಡಿನಲ್ಲಿ ಮಕ್ಕಳಾಗದ ಗುಳಿಗೆ! ಪಟ್ಟಿ ಗಂಡನ ಕೈ ಸೇರಿತು. ಅವನು ಅದನ್ನು ಹಿಡಿದು ನೆಟ್ಟಗೆ ಗದ್ದೆಗೆ ಬಂದ, ಸಸಿ ಹಚ್ಚುತ್ತಿದ್ದ ಹೆಂಗಸರೆಲ್ಲರ ಮುಂದೆ ಎತ್ತಿ ತೋರಿಸಿದ.

'ಯಾರ ಜೋಡಿ ನಡಿಸೀದಿ ಇದನ್ನ? ಮನಿ ಮಾನ ಕಳೀಲಾಕ ನಿಂತೀಯೇನು?' ಎಂದು ಗುಳಿಗೆಯನ್ನು ಕೆನಾಲಿಗೆ ಎಸೆದ.

ಮರಿಲಿಂಗಮ್ಮ ಕೆಸರಿನಿಂದ ಮೇಲೆದ್ದು ಬದುವಿಗೆ ಬಂದಳು.

'ಏ ಅಂಬ್ರ್ಯಾ, ಆಸ್ಪತ್ರ್ಯಾಗ ಸಹಿ ಮಾಡಿದಾಂವ ನೀನ. ನನ್ನ ಹೊಟ್ಟ್ಯಾಗಿಂದು ಏನು ತೆಗಿಸೀದಿ, ಇವರ ಮುಂದ ಹೇಳು. ಚೀಲಾನ ಇಲ್ಲದಾಕಿಗಿ ಕೂಸು ಎಲ್ಲಿ ನಿಲ್ತದೋ? ನಿನ್ನ ಹೆಗಲ ಮ್ಯಾಲೇನು?'

ಯಾರೂ ನಗಲಿಲ್ಲ. ಆ ಹೆಂಗಸರಲ್ಲಿ ಅರ್ಧ ಮಂದಿ ಚೀಲ ತೆಗೆಸಿಕೊಂಡವರೇ. ಅಂಬ್ರಪ್ಪ ಬೈಕ್ ಹತ್ತಿದ.

ಮರುದಿನ ಬೆಳಿಗ್ಗೆ ಹೊಸ ಗುಳಿಗೆ ತರಲು ಅವಳು ಯಾದಗಿರಿ ಬಸ್ಸಿಗೆ ನಿಂತಿದ್ದಳು. ದೇವಕಮ್ಮ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ನಿಂತಳು. ಆ ಮುಖ ಕಂಡದ್ದೇ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು ಮರಿಲಿಂಗಮ್ಮನಿಗೆ.

'ಅಕ್ಕಾ, ನನಗೂ ಬಿಳಿ ಹೋಗಾಕತ್ತದ,' ಎಂದಳು ದೇವಕಮ್ಮ ತಲೆ ತಗ್ಗಿಸಿ. 'ಇವರು ಶಹಾಪುರದಾಗ ತಾರೀಕು ಹಿಡಕೊಂಡು ಬಂದಾರ. ಸೋಮವಾರ ಚೀಲ ತೆಗೀತಾರಂತ.'

ಬಸ್ಸು ಬಂತು. ಮರಿಲಿಂಗಮ್ಮ ಅವಳ ರಟ್ಟೆ ಹಿಡಿದಳು, ಮೆತ್ತಗೇನೂ ಹಿಡಿಯಲಿಲ್ಲ.

'ಹತ್ತು,' ಎಂದಳು.