ಇಬ್ಬರ ಭಾರದ ಕಾರು

ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರಿ ಏಕಾಂತಯ್ಯನವರ ಹಳೆಯ ಅಂಬಾಸಿಡರ್ ಕಾರಿಗೆ ಮುಂದಿನ ಎಡಸೀಟು ಇರಲಿಲ್ಲ. ಹೆಂಡತಿ ಶಿವಗಂಗಮ್ಮನವರಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ವರ್ಷ ಅದನ್ನು ಬಿಚ್ಚಿಸಿ, ಗಾಲಿಕುರ್ಚಿ ಬಂದು ನಿಲ್ಲುವಂತೆ ಕಬ್ಬಿಣದ ಚೌಕಟ್ಟು ಹಾಕಿಸಿದ್ದರು. ಆ ಭಾರಕ್ಕೆ ಕಾರು ವಾಲಬಾರದೆಂದು ಮೆಕ್ಯಾನಿಕ್ ಉದಯಕುಮಾರ್ ಎಡಬದಿಯನ್ನು ಎತ್ತರಿಸಿ, ಆಕೆಯನ್ನು ಕೂರಿಸಿಕೊಂಡೇ ಚಕ್ರಗಳ ಅಲೈನ್‌ಮೆಂಟ್ ಮಾಡಿದ್ದ.

"ಅಮ್ಮಾ, ಅಲುಗಾಡ್ಬೇಡಿ."

"ಅಲುಗಾಡೋ ಹಂಗಿದ್ರೆ ನಿನ್ನ ಹತ್ರ ಯಾಕಪ್ಪ ಬತ್ತಿದ್ದೆ?"

ಆಮೇಲೆ ಸೋಮವಾರ ಸೋಮವಾರ ಇಬ್ಬರೂ ಹಳೇಬೀಡು ದಾಟಿ ಮಾದಿಹಳ್ಳಿಗೆ, ಆಕೆಯ ಅಕ್ಕನ ಮನೆಗೆ, ಹೋಗಿಬರುತ್ತಿದ್ದರು. ದಾರಿಯ ತೋಟಗಳನ್ನು ನೋಡಿ ಆಕೆ ಇಳುವರಿ ಅಂದಾಜು ಮಾಡುವರು, ಇವರು ತಪ್ಪೆನ್ನುವರು. ಬಹುಮಟ್ಟಿಗೆ ಆಕೆಯದೇ ಸರಿಯಿರುತ್ತಿತ್ತು.

ಕಳೆದ ಕಾರ್ತಿಕದಲ್ಲಿ ಆಕೆ ತೀರಿಕೊಂಡರು. ಅಂದಿನಿಂದ, ಭಾರ ತಪ್ಪಿ ಎಡಚಕ್ರ ಓರೆಯಾಗಿ, ಕಾರು ಎಡಕ್ಕೆ ಎಳೆಯತೊಡಗಿತು. ಏಕಾಂತಯ್ಯನವರು ಗಾಲಿಕುರ್ಚಿಯ ಮೇಲೆ ಒಂದು ಚೀಲ ತೆಂಗಿನಕಾಯಿ ಇಟ್ಟರು. ಕಾರು ನೆಟ್ಟಗೆ ಹೋಯಿತು. ಸೋಮವಾರಗಳು ಹಾಗೇ ನಡೆದವು. ಒಮ್ಮೆ ಹುಲಿಕೆರೆಯ ಹತ್ತಿರ ಚೀಲ ಜಾರಿ ಅವರ ತೋಳಿಗೆ ಬಡಿದು, ಕಾರು ಚರಂಡಿಗಿಳಿಯಿತು.

"ಸರಿಮಾಡಿಸಿ, ಇಲ್ಲಾ ಬೀಗದಕೈ ನನಗೆ ಕೊಡಿ ಅಪ್ಪಾಜಿ," ಎಂದಳು ಮಗಳು ಸ್ವಾತಿ. ಬೀಗದಕೈ ಕೊಟ್ಟರೆ ಮಾದಿಹಳ್ಳಿಯ ದಾರಿಯೂ ಮುಚ್ಚಿದಂತೆಯೇ.

ಗ್ಯಾರೇಜಿನಲ್ಲಿ ಉದಯಕುಮಾರ್ ಚೀಲವನ್ನು ನೋಡಿದ. ಎಡಟೈರಿನ ಸವೆದ ಹೊರ ಅಂಚನ್ನು ಸವರಿದ.

"ಯಜಮಾನ್ರೇ, ಎಡಗಡೆ ಇಳಿಸ್ಬೇಕು. ಒಬ್ರಿಗೆ ಅಂತ ಅಲೈನ್‌ಮೆಂಟ್ ಹೊಸದಾಗಿ ಮಾಡ್ತೀನಿ."

"ಇಬ್ರಿಗೇ ಇರ್ಲಿ ಕಣಯ್ಯ. ಚೀಲ ಬಿಗಿಯಾಗಿ ಕಟ್ಕೋತೀನಿ."

"ಕಾಯಿ ಒಣಗ್ತಾ ಹಗುರ ಆಯ್ತದಲ್ಲ. ಆಗ ಮತ್ತೆ ಎಳೀತದೆ."

ಆಯುಷ್ಯವೆಲ್ಲ ಕಾಯಿ ತೂಗಿದವರಿಗೆ ಅದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ಏಕಾಂತಯ್ಯನವರು ಎಡಬಾಗಿಲು ತೆರೆದರು. ಆಮೇಲೆ ತಾವೇ ಚೀಲವನ್ನು ಇಳಿಸಿದರು. ಗಾಲಿಕುರ್ಚಿಯನ್ನೂ ಇಳಿಸಿ ಗೋಡೆಗೆ ಆನಿಸಿದರು.

"ಈಗ ನೀವು ಸ್ಟೇರಿಂಗ್ ಮುಂದೆ ಕೂತ್ಕಳಿ," ಎಂದು ಉದಯಕುಮಾರ್ ಕಾರಿನಡಿಗೆ ತೂರಿದ. "ನಿಮ್ಮೊಬ್ರ ಭಾರ ಸಾಕು."

ಸಂಜೆ ಅವರು ಜಾವಗಲ್ಲಿನ ರಸ್ತೆಯಲ್ಲಿ ಒಬ್ಬರೇ ಓಡಿಸಿ ನೋಡಿದರು. ಕೈ ಸಡಿಲಬಿಟ್ಟರೂ ಕಾರು ಗೆರೆ ಎಳೆದಂತೆ ಹೋಯಿತು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ಕುಲುಕಿದರೆ ನೋಯುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೂ ಏಕಾಂತಯ್ಯನವರು ಪ್ರತಿಯೊಂದು ಗುಂಡಿಗೂ ಕಾರನ್ನು ಮೆಲ್ಲಗೆ ಇಳಿಸಿ, ಮೆಲ್ಲಗೆ ಹತ್ತಿಸಿದರು.