ನಮ್ಮತ್ತಿ ಬಾದನಹಟ್ಟಿಗೆ ಹೋದ ಎರಡು ದಿನ

ನಮ್ಮತ್ತಿ ಬಾಯಿ ಭಾಳ ಜೋರು. ಕುರುಗೋಡಿನ ನಮ್ಮ ಓಣಿಯಾಗ ಅಕಿ ಎದುರು ನಿಂತು ಮಾತಾಡೋರು ಯಾರೂ ಇರಲಿಲ್ಲ. ಆದ್ರ ಅಕಿ ಇರದಿದ್ರ ನಾ ನರ್ಸ್ ಕೆಲಸ ಯಾವಾಗೋ ಬಿಟ್ಟು ಮನ್ಯಾಗ ಕುಂದ್ರತಿದ್ದೆ. ಈ ಮಾತು ಅಕಿ ಇದ್ದಾಗ ಹೇಳಲಿಲ್ಲ, ಈಗ ಹೇಳಾಕತ್ತೀನಿ.

ಎಪ್ಪತ್ತರ ದಶಕದಾಗ ನಾ ಬಳ್ಳಾರಿಯಿಂದ ರಿಲೀಫ್ ಡ್ಯೂಟಿ ಮಾಡತಿದ್ದೆ. ಯಾವ ಊರಿನ ನರ್ಸ್ ರಜಾ ಹಾಕಿದ್ರೂ ಅಲ್ಲಿಗೆ ನಮ್ಮನ್ನ ಓಡಸೋರು. ಹದಿನೈದು ದಿನಕ್ಕಂತ ಸಿರುಗುಪ್ಪಕ್ಕ ಕಳಿಸಿದೋರು ನಾಲ್ಕು ತಿಂಗಳು ಬಿಡಲಿಲ್ಲ. ದವಾಖಾನಿಗೆ ನಾ ಒಬ್ಬಾಕಿ ನರ್ಸ್. ಹೆರಿಗಿಗೆ ಭಾನುವಾರ, ಹಬ್ಬ ಅಂತ ಇರತೈತೇನು? ಮನಿಯವರು ಬಳ್ಳಾರಿ ಹತ್ತಿ ಮಿಲ್ಲಿನಾಗ ಇದ್ರು. ಒಂದೂವರಿ ವರ್ಷದ ಮಗಳನ್ನ ಕುರುಗೋಡಿನಾಗ ಅತ್ತಿ ಕೈಯಾಗ ಬಿಟ್ಟಿದ್ದೆ. ಕೂಸು ನನ್ನ ಮರತುಬಿಟ್ರ ಹೆಂಗಪ್ಪಾ ಅಂತ ಒಂದ ಚಿಂತಿ ನನಗ.

ವಾರಕ್ಕೊಮ್ಮೆ ಅತ್ತಿ ಬಸ್ಸಿನ ಕಂಡಕ್ಟರ್ ಕೈಯಾಗ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ಕಳಸ್ತಿದ್ಲು. ಒಂದಿನ ಗಂಟಿನ ಕೂಡ ಮಾತೂ ಬಂತು: ‘ನಿನ್ನ ಒಂದು ಸೀರಿ ಕಳಸು, ಕೂಸು ಅದನ್ನ ಹೊದ್ದು ಮಲಗಲಿ.’ ನಾ ನರ್ಸ್ ಬುದ್ಧಿ ಬಿಡಲಿಲ್ಲ. ಸೀರಿ ಕುದಿಸಿ, ಔಷಧದ ನೀರಿನಾಗ ಅದ್ದಿ, ಒಣಗಿಸಿ, ನೀಟಾಗಿ ಮಡಚಿ ಕಳಿಸಿದೆ. ಮರುದಿನ ಸೀರಿ ವಾಪಸ್ ಬಂತು! ಕಂಡಕ್ಟರ್ ಬಸ್‌ಸ್ಟ್ಯಾಂಡಿನ ಮಂದಿ ಮುಂದನ ಅಂದ, ‘ಅಕ್ಕಾರ, ಸಿಟ್ಟಾಗಬ್ಯಾಡ್ರಿ, ನಿಮ್ಮತ್ತಿ ಹೇಳಿದ್ದು ಹೇಳ್ತೀನಿ. ಕೂಸಿಗೆ ದವಾಖಾನಿ ಬ್ಯಾಡಂತ, ಅವ್ವ ಬೇಕಂತ. ಉಟ್ಟ ಸೀರಿ ಒಗೀಲಾರ್ದ ಕಳಿಸಬೇಕಂತ, ಆ ನರ್ಸಮ್ಮ.’

ನಕ್ಕರು ನೋಡ್ರಿ ಮಂದಿ! ನನಗ ಮೈಯೆಲ್ಲ ಉರೀತು. ಊರಿಗೆಲ್ಲ ಸ್ವಚ್ಛ ಇರ್ರಿ ಅಂತ ಹೇಳಾಕಿ ನಾ, ಬೆವರಿನ ಸೀರಿ ಕೂಸಿಗೆ ಕಳಸ್ಲೇನು? ಆದ್ರೂ ಕಳಿಸಿದೆ. ಮುಂದಿನ ವಾರ ಅದು ತಿರುಗಿ ಬಂದಾಗ ಸೆರಗಿನ ತುಂಬ ಮಗಳ ಜೊಲ್ಲು, ಹಾಲಿನ ಕಲಿ. ಮುಖಕ್ಕ ಒತ್ತಿಕೊಂಡು ಅತ್ತುಬಿಟ್ಟೆ. ಅವತ್ತಿಂದ ವಾರ ವಾರ ಒಂದು ಸೀರಿ ಹೋಗತಿತ್ತು, ಒಂದು ಬರತಿತ್ತು.

ಇಷ್ಟೆಲ್ಲ ಮಾಡಿದ್ರೂ ಡ್ಯೂಟಿ ಮುಗಿಸಿ ಮನಿಗೆ ಹೋದಾಗ ಕೂಸು ನನ್ನ ನೋಡಿ ಚಿಟ್ಟನ ಚೀರಿತು. ಎತ್ತಿಕೊಂಡ್ರ ಒದೀತು, ಕೈ ಕಚ್ಚಿತು. ‘ಅಜ್ಜೀ, ಅಜ್ಜೀ’ ಅಂತ ಅತ್ತಿ ಕೊರಳಿಗೆ ಜೋತುಬಿತ್ತು.

‘ಅತ್ತೀ, ನನಗ ಈ ನೌಕರಿ ಬ್ಯಾಡ್ರಿ. ನಾಳೆ ರಾಜೀನಾಮಿ ಬರೀತೀನಿ’ ಅಂದೆ.

‘ಬರಿ, ಬರಿ! ಮಂದಿ ಕೂಸು ಹಿಡಿಯಾಕ ಬರತೈತಿ, ನಿನ್ನ ಕೂಸು ಹಿಡಿಯಾಕ ಬರಂಗಿಲ್ಲ?’ ಅಂತ ನನ್ನ ಮ್ಯಾಲೆ ಹರಿಹಾಯ್ದು, ‘ನಾ ಬಾದನಹಟ್ಟಿಗೆ ನಮ್ಮಕ್ಕನ ಮನಿಗೆ ಹೊಂಟೀನಿ, ಎರಡು ದಿನ ಬರಂಗಿಲ್ಲ’ ಅಂದು ಗಂಟು ಕಟ್ಟಿಕೊಂಡು ನಡದುಬಿಟ್ಲು. ಕೂಸಿನ ಕಡೆ ತಿರುಗಿ ಸೈತ ನೋಡಲಿಲ್ಲ. ಎಂಥಾ ಕಲ್ಲೆದಿ ಹೆಂಗಸಪ್ಪಾ ಅಂತ ಬೈಕೊಂಡೆ.

ಆ ಎರಡು ದಿನ ಯಾರಿಗೂ ಬ್ಯಾಡ. ಕೂಸು ಬಾಗಲಾಗ ಕುಂತು ಅತ್ತಿದ್ದ ಅತ್ತಿದ್ದು. ನನ್ನ ಕೈಯಿಂದ ಹಾಲು ಮುಟ್ಟಲಿಲ್ಲ. ಎರಡನೇ ದಿನ ಮಧ್ಯಾಹ್ನ ರಮಿಸಿ ರಮಿಸಿ ಸೋತು, ಸುಮ್ಮನ ರೊಟ್ಟಿ ಬಡಿಯಾಕ ಕುಂತೆ. ಸಪ್ಪಳಕ್ಕ ಮೆಲ್ಲಕ ಬಂತು. ತೊಡಿ ಮ್ಯಾಲೆ ಕುಂತು ಬಿಸಿ ರೊಟ್ಟಿ ತುಂಡು ತಾನೂ ತಿಂದು, ಎಂಜಲ ತುಂಡು ನನ್ನ ಬಾಯಿಗೂ ತುರುಕಿತು. ಸಂಜಿಮುಂದ ಅತ್ತಿ ಬಂದಾಗ ಕೂಸು ನನ್ನ ಹೆಗಲಿಗೆ ನಿದ್ದಿ ಹೋಗಿತ್ತು.

‘ನಿಮ್ಮಕ್ಕ ಹೆಂಗದಾರ್ರಿ?’ ಅಂತ ಸಿಟ್ಟಿಲೆ ಕೇಳಿದೆ.

‘ಚಲೋ ಅದಾಳ’ ಅಂದ್ಲು. ರಾಜೀನಾಮಿ ಮಾತು ಇಬ್ಬರೂ ಎತ್ತಲಿಲ್ಲ.

ವಾರ ಬಿಟ್ಟು ನಳದ ಹತ್ರ ಬಾಜೂ ಮನಿಯಾಕಿ ನನ್ನ ಕೊಡ ತಡದು ನಿಲ್ಲಿಸಿದ್ಲು.

‘ನಿಮ್ಮತ್ತಿ ಎಲ್ಲಿ ಬಾದನಹಟ್ಟಿಗೆ ಹೋದ್ಲವ್ವಾ? ಎರಡು ದಿನ ನಮ್ಮ ಹಿತ್ತಲ ಕೋಣ್ಯಾಗ ಇದ್ಲು. ಕೂಸು ಉಂಡಿಲ್ಲ ಅಂತ ತಾನೂ ಒಂದು ತುತ್ತು ಮುಟ್ಟಲಿಲ್ಲ. ಅಳೂದು ಕೇಳಿದಾಗೊಮ್ಮೆ ಎದ್ದು ಬಾಗಲಿಗೆ ಬರಾಕಿ. ಕಡೀಕ, ನನ್ನಿಂದ ತಡಿಯಾಕ ಆಗವಲ್ದು, ಹೊರಗಿಂದ ಚಿಲಕ ಹಾಕಿಬಿಡು ಅಂತ ಅಕೀನ ಹೇಳಿದ್ಲು. ಹಾಕಿದೆ.’